ಸೀಬೆ ಮರಕ್ಕೆ ನಾನು ಕೊಟ್ಟ ಜಾಮೀನು

ಮೊನ್ನೆ ಹಿತ್ತಿಲ ಸೀಬೆ ಮರದ ಕೊಂಬೆ ಸವರುತ್ತಿದ್ದೆ. ಹಸಿ ಕೊಂಬೆಯ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆ ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಚ್ಚು ಹಿಡಿದು ಕಣ್ಮುಂದೆ ನಿಂತೇಬಿಟ್ಟರು...

ದೊಡ್ಡಮ್ಮ ಅಂದರೆ ನೆಂಟರೇನಲ್ಲ. ನಾನು ಮದುವೆಯಾಗಿ ಬೇಲೂರಿಗೆ ಬಂದಾಗ ಕಾಂಪೌಂಡ್ ಗೋಡೆಯಾಚೆ ಇದ್ದ ಹುಲಿಕೆರೆಯ ಹೆಂಗಸು. ಅಂಥ ಗಂಟಲು ನಮ್ಮ ಬೀದಿಯಲ್ಲಿ ಇನ್ನೊಬ್ಬರಿಗಿರಲಿಲ್ಲ. ಹೊಸ ಮನೆಯಲ್ಲಿ ಮಾತಿಗೆ ಯಾರೂ ಇಲ್ಲದ ನನಗೆ, ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಆ ಸೀಬೆಯ ನೆರಳೇ ತವರು. ನಾನು ಈಚೆ, ಅವರು ಗೋಡೆಯಾಚೆ. ಏನು ಮಾತಾಡುತ್ತಿದ್ದೆವೋ, ಈಗ ಒಂದೂ ನೆನಪಿಲ್ಲ...

ಆದರೆ ಮರ ಕಾಯಿ ಬಿಡುತ್ತಿರಲಿಲ್ಲ. ಎಲೆ ಉದುರಿಸುವುದೊಂದೇ ಅದರ ಕೆಲಸ. ಗುಡಿಸಿ ಗುಡಿಸಿ ಸಾಕಾಗಿದ್ದ ನಮ್ಮತ್ತೆ, ಇದನ್ನು ಕಡಿಸಿ ಬಟ್ಟೆ ಒಣಹಾಕಲು ತಂತಿ ಕಟ್ಟಿಸುತ್ತೇನೆ ಅಂದರು. ಎದುರಾಡುವ ಧೈರ್ಯವಿಲ್ಲ, ಗೋಡೆಯ ಬಳಿ ಹೋಗಿ ದೊಡ್ಡಮ್ಮನ ಮುಂದೆ ಕಣ್ಣೀರು ಹಾಕಿದೆ.

ಮಾರನೆಯ ಬೆಳಿಗ್ಗೆಯೇ ದೊಡ್ಡಮ್ಮ ಹಾಜರ್. "ಈ ಸರ್ತಿ ನನ್ ಕೈಗೆ ಬಿಡ್ರವ್ವಾ, ಆಗ್ಲೂ ಕಾಯಿ ಬಿಡ್ನಿಲ್ಲ ಅಂದ್ರೆ ಕಡಿಸ್ರಿ" ಎಂದು ನಮ್ಮತ್ತೆಯನ್ನು ಒಪ್ಪಿಸಿ, ಏಣಿ ಹತ್ತಿ, ಮರದ ತುದಿಗೇ ಮಚ್ಚು ಬೀಸಿದರು.

ನಾನು ಅರಸೀಕೆರೆ ಕಡೆಯ ಕಣಕಟ್ಟೆಯವಳು. ತೆಂಗಿನ ಸೀಮೆಯವರಿಗೆ ಕೊಂಬೆಯಿರುವ ಮರದ ಸಂಗತಿ ಏನು ಗೊತ್ತು? ಸುಳಿ ಹೋದರೆ ಮರವೇ ಹೋಯಿತು ಅಂತ ಕೇಳಿಕೊಂಡೇ ಬೆಳೆದವಳು. ಸೀಬೆಯ ನೆತ್ತಿ ದೊಪ್ಪನೆ ಬಿದ್ದದ್ದು ಕಂಡು, ಕೈಯಲ್ಲಿದ್ದ ಮೊರ ಎಸೆದು, ಅಳುತ್ತಾ ಓಡಿ ಬುಡ ತಬ್ಬಿಕೊಂಡೆ.

"ಸುಳಿ ಕಡೀಬೇಡಿ ದೊಡ್ಡಮ್ಮಾ, ಸತ್ತೋಗ್ತೈತೆ! ಬರೋ ವರ್ಷ ಕಾಯಿ ಬಿಡ್ತೈತೆ, ನಾನು ಜಾಮೀನು!"

ದೊಡ್ಡಮ್ಮ ನಕ್ಕ ರಭಸಕ್ಕೆ ಏಣಿ ಅಲುಗಾಡಿತು. ಕಾಯಿ ಬಿಡದ ಮರಕ್ಕೆ ಒಬ್ಬರು ಮಚ್ಚು ತೋರಿಸಿ ಗದರುವುದು, ಇನ್ನೊಬ್ಬರು ಮರದ ಪರವಾಗಿ ಬೇಡಿಕೊಳ್ಳುವುದು ಅವರೂರಿನ ಪದ್ಧತಿಯಂತೆ. ಸವರಿದ ಮೇಲೆ ನನಗೆ ಆ ಮಾತು ಹೇಳಿಕೊಡಬೇಕೆಂದಿದ್ದರಂತೆ.

"ಹೇಳ್ಕೊಡೋ ಮುಂಚೆನೇ ಹೇಳ್ಬುಟ್ಟೆ ಕಣೇ! ಇಷ್ಟು ಚೆಂದಾಗಿ ನಮ್ಮೂರಲ್ಲಿ ಯಾರೂ ಅತ್ತಿಲ್ಲ. ಸೀಬೆ ಹೊಸ ಚಿಗುರಲ್ಲೇ ಕಾಯಿ ಕಚ್ಚೋದು, ಸುಮ್ನಿರು."

ಕಡಿದ ಜಾಗಕ್ಕೆಲ್ಲ ಸಗಣಿ ಮೆತ್ತಿ ಹೋದರು. ನಮ್ಮತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ದಿನಾ ಎದ್ದ ಕೂಡಲೇ ಹೋಗಿ ಬೋಳು ಮರವನ್ನು ನೋಡುವುದೇ ಕೆಲಸ, ಜಾಮೀನು ಕೊಟ್ಟವಳಲ್ಲವೇ! ಚಿಗುರಿತು, ಹೂವಾಯಿತು, ಕೊಂಬೆ ಬಾಗುವಷ್ಟು ಕಾಯಿ ಬಂತು. ನಮ್ಮತ್ತೆಯೇ ಮೊದಲ ಹಣ್ಣು ಕೊಯ್ದು, ಉಪ್ಪು ಖಾರ ಹಚ್ಚಿ ಗೋಡೆಯಾಚೆ ಕೊಟ್ಟರು. ತಂತಿಯ ಮಾತು ಮತ್ತೆ ಎತ್ತಲಿಲ್ಲ. ಮರ ಹಣ್ಣು ಸುರಿಸಿದರೂ ನಮ್ಮ ನಾಟಕ ಮಾತ್ರ ನಿಲ್ಲಲಿಲ್ಲ. ಪ್ರತಿ ವರ್ಷ ಸವರುವಾಗ ಅವರು ಗದರಬೇಕು, ನಾನು ಬೇಡಬೇಕು, ಕೊನೆಗೆ ಇಬ್ಬರೂ ನಗಬೇಕು.

ದೊಡ್ಡಮ್ಮ ಹೋಗಿ ಕೆಲವು ವರ್ಷಗಳಾದವು. ಈಗ ಸವರುವವಳೂ ನಾನೇ. ಮೊನ್ನೆ ಸಗಣಿ ಮೆತ್ತಿಯಾದ ಮೇಲೆ, ಅವರ ಹಾಗೆ ಮಚ್ಚು ಎತ್ತಿ ಮರವನ್ನು ಗದರಲು ನೋಡಿದೆ. ಬಾಯಿಗೆ ಬಂದದ್ದು ನನ್ನ ಹಳೆಯ ಮಾತೇ... "ಬಿಟ್ಬಿಡಿ ದೊಡ್ಡಮ್ಮಾ, ಬರೋ ವರ್ಷ ಕಾಯಿ ಬಿಡ್ತೈತೆ." ಗೋಡೆಯಾಚೆಯಿಂದ ನಗು ಬರಲಿಲ್ಲ. ಮಚ್ಚು ಕೆಳಗಿಟ್ಟು ಅಳು ಬಂದಷ್ಟೂ ಅತ್ತುಬಿಟ್ಟೆ. ಚೆಂದಾಗಿಯೇ ಅತ್ತಿದ್ದೇನೆ, ಅವರಿದ್ದಿದ್ದರೆ ಮೆಚ್ಚುತ್ತಿದ್ದರು.