ಸಭಾಪಾಲಕರು ದಾಟಲೆಂದಿದ್ದ ಸಮಾಧಿ

ಹುಟ್ಟುವ ಮೊದಲೇ ಒಬ್ಬನನ್ನು ನರಕಕ್ಕೆಂದು ಗುರುತಿಟ್ಟ ದೇವರನ್ನು, ಓದುಗರೇ, ನೀವು ತಂದೆಯೆಂದು ಕರೆಯಬಲ್ಲಿರಾ? ಈ ಪ್ರಶ್ನೆಯನ್ನು ಹೊತ್ತು, ಶುಭ ಶುಕ್ರವಾರದ ಆರಾಧನೆ ಮುಗಿದ ಮೇಲೆ ಧಾರವಾಡದಲ್ಲಿ ಪುಣೆಯ ರೈಲು ಹತ್ತಿದೆ. ಮೀರಜದವರೆಗೂ ಕಿಟಕಿಯಲ್ಲಿ ಬಿಸಿಗಾಳಿಯೇ.

ಪುಣೆಯಲ್ಲಿ ನನ್ನ ಚಿಕ್ಕಮ್ಮ ಸುಶೀಲಮ್ಮ ಇದ್ದಾರೆ. ಅವರ ಮಗ ಪ್ರಕಾಶ ಅಲ್ಲೇ ಹತ್ತಿರದ ಚಾಕಣದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ. ಚರ್ಚಿಗೆ ಹೋಗುವುದನ್ನು ಬಿಟ್ಟಿದ್ದ. ಕಳೆದ ಮಳೆಗಾಲದಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡ. ಪುಣೆಯ ಕನ್ನಡ ಕ್ರೈಸ್ತ ಸಭೆಯಲ್ಲೊಂದು ಪದ್ಧತಿಯಿದೆ. ಈಸ್ಟರ್ ಬೆಳಗಿನ ಜಾವ ಎಲ್ಲರೂ ಸ್ಮಶಾನಕ್ಕೆ ಹೋಗಿ ಆ ವರ್ಷ ಮಣ್ಣಾದವರ ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚುತ್ತಾರೆ. ಸಭೆಯ ಪಾದ್ರಿಗಳಾದ ಸಭಾಪಾಲಕರು ಪ್ರತಿಯೊಂದರ ಬಳಿಯೂ ನಿಂತು ಪ್ರಾರ್ಥಿಸುತ್ತಾರೆ. ಪ್ರಕಾಶನನ್ನು ಮಣ್ಣು ಮಾಡಿದವರು ಹಿಂದಿನ ಸಭಾಪಾಲಕರು. ಈಗ ಬಂದಿರುವ ಹೊಸಬರು, ಅವನು ದೇವರಿಂದ ಮೊದಲೇ ನಾಶಕ್ಕೆಂದು ನೇಮಕವಾದವನು, ಅಲ್ಲಿ ತಾನು ನಿಲ್ಲುವುದಿಲ್ಲ ಎಂದು ತಾಯಿಗೇ ಹೇಳಿದ್ದರು.

ಶನಿವಾರ ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಬೆಣ್ಣೆ ಸವರಿದ ಬನ್ ಮಸ್ಕಾ, ಚಹಾ ಮುಗಿಸಿ ಚಿಕ್ಕಮ್ಮನೊಡನೆ ಆ ಹೊಸ ಸಭಾಪಾಲಕರ ಮನೆಗೆ ಹೋದೆ.

"ಕುಂಬಾರ ಮಾಡಿದ ಗಡಿಗಿ ಕುಂಬಾರಗ ಪ್ರಶ್ನಿ ಕೇಳ್ತದೇನು, ತಮ್ಮಾ?" ಎಂದರು ಸಭಾಪಾಲಕರು. ಬೈಬಲಿನಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರದ ಒಂಬತ್ತನೆಯ ಅಧ್ಯಾಯ ಅವರಿಗೆ ಬಾಯಿಪಾಠ.

ಆ ಮಾತು ಗ್ರಂಥದಲ್ಲಿದೆ, ನಾನು ಮುಚ್ಚಿಡಲಾರೆ. ಆದರೆ ಪೌಲನು ಅಲ್ಲಿಗೇ ಲೇಖನಿಯನ್ನು ಕೆಳಗಿಡಲಿಲ್ಲ. ಹನ್ನೊಂದನೆಯ ಅಧ್ಯಾಯದಲ್ಲಿ, ಮುರಿದುಬಿದ್ದ ಕೊಂಬೆಯನ್ನೂ ದೇವರು ಮತ್ತೆ ಕಸಿ ಕಟ್ಟಬಲ್ಲನೆನ್ನುತ್ತಾನೆ. ಎಲ್ಲರಿಗೂ ಕರುಣೆ ತೋರುವುದೇ ಆತನ ಉದ್ದೇಶವೆನ್ನುತ್ತಾನೆ. ಇದನ್ನೆಲ್ಲ ವಿವರಿಸಿ ಕೊನೆಗೆ ಕೇಳಿದೆ: "ರಕ್ಷಣೆಗೂ ನಾಶಕ್ಕೂ ಮೊದಲ ನೇಮಿಸ್ಯಾನ ಅಂತನ ಹಿಡೀರಿ, ಅಯ್ಯನವರ. ಪ್ರಕಾಶ ಯಾವ ಕಡ್ಯಾಂವ ಅಂತ ನಿಮಗ ಹೇಳಿದವರು ಯಾರ್ರಿ?"

"ಹಣ್ಣು ನೋಡಿದ್ರ ಗಿಡ ಗೊತ್ತಾಗ್ತದ."

"ನೀವು ಆ ಗಿಡಾನ ನೋಡಿಲ್ಲಲ್ರಿ," ಎಂದರು ಚಿಕ್ಕಮ್ಮ.

ಸಭಾಪಾಲಕರು ನನ್ನತ್ತ ತಿರುಗಿದರು. "ಕಾಲೇಜಿನ್ಯಾಗ ಡಿಬೇಟ್ ಕಪ್ ಹೊಡದಂಗಲ್ಲ ಇದು, ತಮ್ಮಾ."

ಭಾನುವಾರ ಇನ್ನೂ ಬೆಳಕು ಹರಿದಿರಲಿಲ್ಲ. ಹೊಸ ಸುಣ್ಣ ಬಳಿದ ಸಮಾಧಿಗಳ ನಡುವೆ ಜನ ಸಭಾಪಾಲಕರ ಹಿಂದೆ ಸಾಗಿದರು. ಪ್ರಕಾಶನ ಸಮಾಧಿಯ ಮುಂದೆ ಅವರು ತಲೆ ತಗ್ಗಿಸಿ ವೇಗವಾಗಿ ನಡೆದರು. ಆಗ ಚಿಕ್ಕಮ್ಮ ಬತ್ತಿ ಹಚ್ಚಿ, ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯನ್ನು ಗಟ್ಟಿಯಾಗಿ ಆರಂಭಿಸಿದರು. ಆ ಪ್ರಾರ್ಥನೆಯನ್ನು ಯಾರೇ ಎತ್ತಿಕೊಂಡರೂ ನಮ್ಮವರು ದನಿಗೂಡಿಸದೆ ಇರರು. ಅದು ನಡೆಯುವಾಗ ಕಾಲು ಕದಲಿಸುವವರೂ ಇಲ್ಲ. ಇಡೀ ಗುಂಪು ನಿಂತು "ನಮ್ಮ ತಂದೆಯೇ" ಎಂದಿತು. ಸಭಾಪಾಲಕರೂ ನಿಂತರು, ಬೆನ್ನು ತಿರುಗಿಸಿಕೊಂಡೇ, ಆಮೆನ್ ಎನ್ನುವವರೆಗೆ.

"ನಿಂತ್ರಲ್ಲ," ಎಂದರು ಚಿಕ್ಕಮ್ಮ ಮೆಲ್ಲಗೆ.

ಸಂಜೆಯ ರೈಲಿನಲ್ಲಿ ಮರಳಿದೆ. ಓದುಗರಲ್ಲಿ ನನ್ನ ಕೋರಿಕೆ ಒಂದೇ: ನಿಮ್ಮೂರಿನಲ್ಲಿ ಸಭಾಪಾಲಕರು ದಾಟಿಹೋಗುವ ಸಮಾಧಿಯಿದ್ದರೆ, ಬರುವ ಈಸ್ಟರಿನಂದು ಅಲ್ಲಿ ನಿಲ್ಲಿರಿ. ಬತ್ತಿ ಹಚ್ಚಿ, ಆ ಪ್ರಾರ್ಥನೆಯನ್ನು ಎಲ್ಲರಿಗೂ ಕೇಳುವಂತೆ ಆರಂಭಿಸಿರಿ.