ಬೋಜಪ್ಪನ ಮೌನಭಂಗ

ಸುಳ್ಯ ಪೇಟೆಯಲ್ಲಿ ಬೋಜಪ್ಪನ ಮೋಟಾರ್ ವೈಂಡಿಂಗ್ ಅಂಗಡಿ ಎಲ್ಲಿ ಎಂದು ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಬಸ್ಸಿಳಿದು ಸುಮ್ಮನೆ ನಿಂತರೆ ಅವನ ಧ್ವನಿ ಕೇಳುತ್ತದೆ, ಆ ದಿಕ್ಕಿಗೆ ನಡೆದರಾಯಿತು. ಮೂವತ್ತು ಚಿಲ್ಲರೆ ವರ್ಷ ಓಡುವ ಪಂಪುಗಳ ಸದ್ದಿನ ಮೇಲಿಂದ ಮಾತಾಡಿ ಅವನ ಗಂಟಲು ಮೂರು ಎಚ್.ಪಿ.ಗೆ ಏರಿತ್ತು. ಇಳಿಸುವ ಸ್ವಿಚ್ಚನ್ನು ಮಾತ್ರ ಮೇಲಿನ ಕಂಪೆನಿಯವನು ಕೊಟ್ಟಿರಲಿಲ್ಲ. ಬೋಜಪ್ಪ ಯಾರಿಗಾದರೂ ಗುಟ್ಟು ಹೇಳಿದರೆ ರಸ್ತೆಯಾಚೆ ಬೇಕರಿಯವರು ಅದಕ್ಕೆ ಸಲಹೆ ಕೊಡುತ್ತಿದ್ದರು. ಒಂದು ಕೈಯಲ್ಲಿ ತಾಮ್ರದ ತಂತಿ, ಇನ್ನೊಂದರಲ್ಲಿ ಚಹಾ, ಕಿವಿಗೂ ಹೆಗಲಿಗೂ ನಡುವೆ ಫೋನು, ಬಾಯಲ್ಲಿ ಎಲೆಯಡಿಕೆ. ಎಲ್ಲ ಕೆಲಸವನ್ನೂ ಒಟ್ಟಿಗೇ ಹಿಡಿದು ಎಲ್ಲವನ್ನೂ ಅರ್ಧಕ್ಕೇ ಬಿಡುವ ಅಪೂರ್ವ ಪ್ರತಿಭೆ ಅವನದು.

ಇಂಥ ಬೋಜಪ್ಪ ಜಗತ್ತಿನಲ್ಲಿ ಒಬ್ಬನ ಹತ್ತಿರ ಮಾತ್ರ ಬಾಯಿ ತೆರೆಯುತ್ತಿರಲಿಲ್ಲ. ಆ ಭಾಗ್ಯಶಾಲಿ ಅವನ ಚಿಕ್ಕಪ್ಪನ ಮಗ ಜಯಪ್ರಕಾಶ್, ಊರ ಬಾಯಲ್ಲಿ ಜೇಪಿ ಮಾಸ್ಟ್ರು, ಹೈಸ್ಕೂಲಿನಲ್ಲಿ ಪಿ.ಟಿ. ಕಲಿಸಿ ನಿವೃತ್ತನಾದವನು. ಎರಡು ಮನೆಗೆ ಒಂದೇ ಗೇಟು, ಮಾತಿಲ್ಲದೆ ಒಂಬತ್ತು ವರ್ಷ.

ಕಾರಣ ಸಣ್ಣದು, ಎಷ್ಟು ಸಣ್ಣದೆಂದರೆ ಮೊಬೈಲಿನ ಪರದೆಯಲ್ಲಿ ಅದರ ಗಾತ್ರ ಹೆಸರುಕಾಳಿನಷ್ಟು. ಬೋಜಪ್ಪನ ತಾಯಿ ತೀರಿಕೊಂಡ ಬೆಳಿಗ್ಗೆ ಅವನು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ‘ಅಮ್ಮ ಹೋದ್ರು’ ಎಂದು ಒಂದು ಬೆರಳಿನಲ್ಲಿ ಕುಟ್ಟಿ ಹಾಕಿದ. ಮೊದಲ ಉತ್ತರ ಜೇಪಿಯದೇ ಬಂತು. ಮುಗಿದ ಕೈಗಳ ಚಿತ್ರ ಒತ್ತುವಲ್ಲಿ ಅದರ ನೆರೆಮನೆಯ ಚಪ್ಪಾಳೆಯನ್ನು ಒತ್ತಿದ್ದ. ಒಂದಲ್ಲ, ಮೂರು ಚಪ್ಪಾಳೆ.

ಹತ್ತು ನಿಮಿಷದೊಳಗೆ ಅದೇ ಜೇಪಿ ಅಂಗಳಕ್ಕೆ ಓಡಿ ಬಂದು, ಮಗುವಿನ ಹಾಗೆ ಅತ್ತು, ಚಟ್ಟಕ್ಕೆ ಹೆಗಲು ಕೊಟ್ಟ. ಅದು ಯಾರ ಲೆಕ್ಕಕ್ಕೂ ಬರಲಿಲ್ಲ. ಚಪ್ಪಾಳೆ ಮಾತ್ರ ದಾಖಲೆಯಲ್ಲಿ ಉಳಿಯಿತು. ತನ್ನ ಬೆರಳು ಮಾಡಿದ ಘನಕಾರ್ಯ ಅವನಿಗೆ ಗೊತ್ತಾದದ್ದು ಉತ್ತರಕ್ರಿಯೆ ಕಳೆದ ಮೇಲೆ, ಅಷ್ಟರಲ್ಲಿ ಬೋಜಪ್ಪ ಮಾತು ಬಿಟ್ಟಾಗಿತ್ತು. ಮಾತು ಬಿಟ್ಟವನ ಹತ್ತಿರ ಮೊದಲು ಮಾತಾಡುವುದೆಂದರೆ ಈ ಸೀಮೆಯಲ್ಲಿ ಸೊಂಟಕ್ಕೆ ಸೀರೆ ಸುತ್ತಿಕೊಂಡ ಹಾಗೆ. ಇಬ್ಬರಿಗೂ ಪಂಚೆಯೇ ಹಿತವಾಗಿತ್ತು. ತೀರಾ ಅಗತ್ಯವಿದ್ದರೆ ಜೇಪಿ ತನ್ನ ದನದ ಹತ್ತಿರ ಗಟ್ಟಿಯಾಗಿ, “ಕೆಲವರಿಗೆ ಗೇಟು ಹಾಕ್ಲಿಕ್ಕೆ ಗೊತ್ತಿಲ್ಲ ಆಯ್ತಾ” ಎನ್ನುತ್ತಿದ್ದ. ಬೋಜಪ್ಪ ಬಾಳೆಗಿಡಕ್ಕೆ ಉತ್ತರ ಹೇಳುತ್ತಿದ್ದ. ಹೆಂಡಂದಿರಾದ ಪೂವಮ್ಮ ಮತ್ತು ಸೀತು ಮಾತ್ರ ಬೇಲಿಯ ಹತ್ತಿರ ದಿನಾ ಗಂಟೆಗಟ್ಟಲೆ ಮಾತಾಡಿ ಗಂಡಂದಿರ ಕೊರತೆಯನ್ನು ಬಡ್ಡಿಸಮೇತ ತುಂಬಿಸುತ್ತಿದ್ದರು. ಕಳೆದ ವರ್ಷ ಜೇಪಿಯ ಹೃದಯಕ್ಕೆ ಸ್ಟೆಂಟ್ ಹಾಕಿದ್ದು, ರಕ್ತ ತೆಳು ಮಾಡುವ ಗುಳಿಗೆ ತಿನ್ನುವ ಅವನಿಗೆ ಕ್ಷೌರದ ಗಾಯವಾದರೂ ಸಂಜೆವರೆಗೆ ರಕ್ತ ನಿಲ್ಲದ್ದು, ಎಲ್ಲವೂ ಬೋಜಪ್ಪನಿಗೆ ಗೊತ್ತಾದದ್ದು ಈ ಬೇಲಿ ಆಕಾಶವಾಣಿಯಿಂದ.

ಹೀಗಿರುವಾಗ ಬೋಜಪ್ಪನ ಮಗಳು ಭವಿತಾಳ ಮದುವೆ ನಿಶ್ಚಯವಾಯಿತು. ಪುತ್ತೂರಿನಲ್ಲಿ ಲ್ಯಾಬ್ ಟೆಕ್ನೀಷಿಯನ್ ಆಗಿದ್ದ ಅವಳಿಗೆ ಸೈಕಲ್ ಬಿಡಲು, ಹೊಳೆಯಲ್ಲಿ ಈಜಲು ಕಲಿಸಿದವನು ಜೇಪಿ ಚಿಕ್ಕಪ್ಪ.

“ಚಿಕ್ಕಪ್ಪ ಬಾರದಿದ್ರೆ ನಾನು ಮಂಟಪಕ್ಕೆ ಬರುದಿಲ್ಲ,” ಎಂದಳು.

“ಕಾರ್ಡು ಕಳಿಸುವ,” ಎಂದ ಬೋಜಪ್ಪ.

ಪೂವಮ್ಮ ತಲೆಯೆತ್ತದೆ ತರಕಾರಿ ಹೆಚ್ಚುತ್ತಿದ್ದಳು. “ಮದುವೆ ಹೇಳಿಕೆ ಅಂದ್ರೆ ಮನೆಗೆ ಹೋಗಿ ಬಾಯಲ್ಲಿ ಕರೆಯುದು. ಕಾರ್ಡಿಗೆ ಬಾಯಿ ಉಂಟಾ?”

“ಹಾಗಾದ್ರೆ ವಾಟ್ಸಾಪಿನಲ್ಲಿ ಹಾಕುವ. ಚಪ್ಪಾಳೆ ಹೊಡೀಲಿ.”

ಆ ವಾರ ಅವನ ಬಿ.ಪಿ. ನೋಡಿದ ಡಾಕ್ಟರು ಯಂತ್ರ ಕೆಟ್ಟಿದೆಯೆಂದು ಇನ್ನೊಂದು ಯಂತ್ರ ತಂದರು. ಅದೂ ಅಷ್ಟೇ ತೋರಿಸಿತು. ಗುಳಿಗೆಯ ಜೊತೆಗೆ ಧ್ಯಾನವನ್ನೂ ಬರೆದುಕೊಟ್ಟರು, ದಿನಕ್ಕೆರಡು ಸಲ, ಊಟಕ್ಕೆ ಮೊದಲು.

ಭವಿತಾ ಅಪ್ಪನ ಫೋನಿಗೆ ಧ್ಯಾನದ ಆ್ಯಪ್ ಹಾಕಿದಳು. ಅದರೊಳಗಿನ ಹೆಂಗಸು, “ನಿಮ್ಮ ಉಸಿರನ್ನು ಗಮನಿಸಿ,” ಎಂದಳು. “ಗಮನಿಸಿದೆ, ಮತ್ತೆ?” ಎಂದು ಬೋಜಪ್ಪ ಕೇಳಿದ. ಅವಳು ಮತ್ತೂ ಉಸಿರನ್ನೇ ಗಮನಿಸಲು ಹೇಳಿದಳು. ತಿನ್ನುವಾಗ ತಿನ್ನುವುದನ್ನೇ ಧ್ಯಾನಿಸಬೇಕೆಂಬ ಪಾಠವನ್ನು ಮರುದಿನ ತಿಂಡಿಯ ಮೇಲೆ ಪ್ರಯೋಗಿಸಿದ. ಕಣ್ಣು ಮುಚ್ಚಿ, ನೀರುದೋಸೆಯ ಒಂದು ಚೂರನ್ನು ಬಾಯಲ್ಲಿ ಎಷ್ಟೋ ಹೊತ್ತು ಆಚೀಚೆ ಮಾಡಿ, ಮದುವೆಯಾದಂದಿನಿಂದ ಗೊತ್ತಾಗದ ಒಂದು ಸತ್ಯವನ್ನು ಸಾಕ್ಷಾತ್ಕರಿಸಿಕೊಂಡ.

“ಉಪ್ಪು ಕಮ್ಮಿ,” ಎಂದ.

ಅಲ್ಲಿಗೆ ಮನೆಯೊಳಗಿನ ಧ್ಯಾನಕ್ಕೆ ಪೂವಮ್ಮ ಪೂರ್ಣವಿರಾಮ ಹಾಕಿದಳು. ಭವಿತಾ ಮತ್ತು ಸೀತು ಚಿಕ್ಕಮ್ಮ ಬೇಲಿಯ ಹತ್ತಿರ ಏನೋ ಗುಸುಗುಸು ಮಾಡಿದ ಮೇಲೆ, ರಾಮಕುಂಜದ ಕಡೆ ನಡೆಯುವ ಮೂರು ದಿನದ ಮೌನ ಶಿಬಿರವೊಂದರಲ್ಲಿ ಬೋಜಪ್ಪನ ಹೆಸರು ನೋಂದಣಿಯಾಯಿತು.

ಶಿಬಿರದ ಹೆಸರು ‘ಸಾವಧಾನ’. ಬೋಜಪ್ಪನಿಗೆ ಗೊತ್ತಿದ್ದ ಸಾವಧಾನಗಳು ಎರಡೇ. ಒಂದು, ಪಿ.ಟಿ. ಮಾಸ್ಟ್ರು ಮೈದಾನದಲ್ಲಿ ಮಕ್ಕಳ ಎದೆ ನಡುಗಿಸಲು ಕೂಗುವುದು. ಇನ್ನೊಂದು, ಪುರೋಹಿತರು ‘ಸುಮುಹೂರ್ತೇ’ ಎಂದ ಮೇಲೆ, ತಪ್ಪಿಸಿಕೊಳ್ಳುವ ಕೊನೆಯ ಅವಕಾಶವೆಂಬಂತೆ ಮದುಮಗನನ್ನು ಎಚ್ಚರಿಸುವುದು. ಶಿಬಿರದ ಕೋಣೆಯ ಬಾಗಿಲು ದೂಡಿದಾಗ ಮೊದಲನೆಯ ಜಾತಿಯ ಸಾವಧಾನವೇ ಎದುರಿನ ಮಂಚದ ಮೇಲೆ ಕೂತು ಗುಳಿಗೆ ಡಬ್ಬಿ ಜೋಡಿಸುತ್ತಿತ್ತು. ಜೇಪಿ.

ಇಬ್ಬರನ್ನೂ ಒಂದೇ ಕೋಣೆಗೆ ಹಾಕಿಸಿದ್ದು ಯಾರೆಂದು ಇಬ್ಬರಿಗೂ ಆ ಕ್ಷಣವೇ ತಿಳಿಯಿತು. ಆದರೆ ಅದನ್ನು ಹೇಳಿಕೊಂಡು ಬೈಯಲು ಅಲ್ಲಿದ್ದವನು ಇನ್ನೊಬ್ಬನೇ, ಅವನ ಹತ್ತಿರ ಮಾತಿಲ್ಲ. ಮಾತಿದ್ದರೂ ಮೌನದ ಗಂಟೆ ಆಗಲೇ ಬಾರಿಸಿಯಾಗಿತ್ತು.

ಶಿಬಿರ ನಡೆಸುವವಳು ಪ್ರೀತಿಕಾ ಎಂಬ ಹುಡುಗಿ. ಉತ್ತರದಲ್ಲೆಲ್ಲೋ ಹೋಗಿ ಮೌನದಲ್ಲಿ ಸರ್ಟಿಫಿಕೇಟು ಪಡೆದು ಬಂದಿದ್ದಳು. ಮೌನವನ್ನು ವಿವರಿಸಲು ಅವಳಿಗೆ ದಿನಕ್ಕೆ ನಾಲ್ಕು ಗಂಟೆ ಮಾತು ಬೇಕಾಗುತ್ತಿತ್ತು. ಫೋನು, ಪೇಪರು, ಎಲೆಯಡಿಕೆ ಎಲ್ಲವನ್ನೂ ಬಾಗಿಲಲ್ಲೇ ತೆಗೆದಿರಿಸಿದ್ದಳು. ಬೋಜಪ್ಪ ಎಲೆ, ಅಡಿಕೆಯನ್ನು ಸಜ್ಜನನಂತೆ ಒಪ್ಪಿಸಿ, ಸುಣ್ಣದ ಡಬ್ಬಿಯನ್ನು ಸೊಂಟದಲ್ಲೇ ಉಳಿಸಿಕೊಂಡ. ಬರೀ ಸುಣ್ಣದಿಂದ ಏನೂ ಪ್ರಯೋಜನವಿಲ್ಲ, ಆದರೆ ಮನುಷ್ಯನಿಗೆ ಒಂದು ಧೈರ್ಯ ಬೇಕಲ್ಲ.

ಕಾನ್ವೆಂಟಿನಲ್ಲಿ ಸಿಸ್ಟರು ಕ್ಲಾಸಿನಿಂದ ಹೊರಗೆ ಹೋದ ಮೇಲೆ ‘ಫಿಂಗರ್ ಆನ್ ಯುವರ್ ಲಿಪ್ಸ್’ ಎಷ್ಟು ಹೊತ್ತು ಬಾಳುತ್ತದೋ ಉಳಿದವರ ಮೌನವೂ ಅಷ್ಟೇ ಬಾಳಿತು. ಈಶ್ವರಮಂಗಲದ ಒಬ್ಬ ಬ್ಯಾಂಕ್ ಮ್ಯಾನೇಜರು ಸ್ನಾನದಮನೆಯಲ್ಲಿ ನಲ್ಲಿ ಬಿಟ್ಟು ಹಾಡಿದರು. ಪುತ್ತೂರಿನ ಇಬ್ಬರು ಹೆಂಗಸರು ಗಂಜಿಯ ಬಟ್ಟಲಿನ ಮೇಲೆ ಹುಬ್ಬುಗಳಲ್ಲೇ ಒಂದು ಇಡೀ ವಿಚ್ಛೇದನವನ್ನು ಚರ್ಚಿಸಿದರು. ಬೋಜಪ್ಪ ಮತ್ತು ಜೇಪಿ ಮಾತ್ರ ಒಂದೇ ಕೋಣೆಯಲ್ಲಿದ್ದೂ, ಒಂದೇ ಬೆಂಚಿನಲ್ಲಿ ಉಂಡೂ, ತುಟಿ ಬಿಡಿ, ಕಣ್ಣನ್ನೂ ಕೂಡಿಸಲಿಲ್ಲ. ಒಂಬತ್ತು ವರ್ಷದ ಅನುಭವವಿದ್ದವರಿಗೆ ಮೂರು ದಿನ ಯಾವ ಮೂಲೆಗೆ?

ಸಂಜೆ ಪ್ರೀತಿಕಾ ಎಲ್ಲರೆದುರು ಹೇಳಿದಳು: “ಇವರಿಬ್ಬರನ್ನು ನೋಡಿ ಕಲಿಯಿರಿ. ಇವರ ಮೌನದಲ್ಲಿ ಒಂದು ಆಳ ಇದೆ. ಇದು ಒಂದೆರಡು ದಿನದ ಸಾಧನೆ ಅಲ್ಲ.”

ಇಬ್ಬರು ಸಾಧಕರೂ ವಿನಯದಿಂದ ನೆಲ ನೋಡಿದರು. ಬೋಜಪ್ಪನಿಗೆ ಬದುಕಿನಲ್ಲಿ ಸಿಕ್ಕಿದ ಮೊದಲ ಬಹುಮಾನ ಅದು, ಅದನ್ನೂ ಜೇಪಿಯ ಜೊತೆ ಹಂಚಿಕೊಳ್ಳಬೇಕಾಗಿ ಬಂತು. ಆದರೆ ಗಂಜಿ ಕುಡಿಯುವಾಗ, ಉಸಿರು ನೋಡುವಾಗ, ತಟ್ಟೆ ತೊಳೆಯುವುದನ್ನೇ ಧ್ಯಾನವೆಂದು ನಂಬಿಸಿ ಅವನಿಂದ ಪಾತ್ರೆ ತೊಳೆಸುವಾಗ, ಎಲ್ಲ ಹೊತ್ತಿನಲ್ಲೂ ಒಂದೇ ಚಿಂತೆ. ಮೂರನೆಯ ದಿನ ಮಧ್ಯಾಹ್ನ ಗಂಟೆ ಬಾರಿಸಿ ಮಾತು ಬಿಡುತ್ತಾರೆ. ಆಗ ಈ ಆಸಾಮಿಗೆ ಮದುವೆಯ ಹೇಳಿಕೆ ಹೇಳುವುದೋ ಬೇಡವೋ? ಹೇಳಿದರೆ ತಾನು ಸೋತ. ಹೇಳದಿದ್ದರೆ ಮಗಳು ಸೋತಳು.

ಎರಡನೆಯ ದಿನ ಬೆಳಿಗ್ಗೆ ನಡಿಗೆಯ ಧ್ಯಾನ. ಪಕ್ಕದ ರಬ್ಬರ್ ತೋಟದಲ್ಲಿ, ಮಳೆ ಬಿಟ್ಟು ವಾರವಾಗದ ಒದ್ದೆ ತರಗೆಲೆಗಳ ಮೇಲೆ, ಒಂದೊಂದು ಹೆಜ್ಜೆಯನ್ನೂ ಬ್ಯಾಂಕಿನಿಂದ ಸಾಲ ತಂದವರಂತೆ ಎಚ್ಚರದಿಂದ ಇಡುತ್ತ ಎಲ್ಲರೂ ಸಾಗಿದರು. ಕೊನೆಗೆ ಟಾರ್ಪಾಲು ಹಾಸಿ, ಕಣ್ಣು ಮುಚ್ಚಿ ಕೂತರು.

“ಏನು ಅನಿಸಿದರೂ ಪ್ರತಿಕ್ರಿಯೆ ಬೇಡ,” ಎಂದಳು ಪ್ರೀತಿಕಾ. “ತುರಿಕೆ ಬಂತಾ, ತುರಿಕೆಯನ್ನು ನೋಡಿ. ಬರುವುದು ಬರಲಿ, ಹೋಗುವುದು ಹೋಗಲಿ.”

ಸ್ವಲ್ಪ ಹೊತ್ತಿಗೆ ಬೋಜಪ್ಪ ಒಂದು ಕಣ್ಣನ್ನು ಅರ್ಧ ತೆರೆದ. ಎರಡು ಸಾಲು ಮುಂದೆ ಜೇಪಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಅವನ ಬಿಳಿ ಅಂಗಿಯ ಕಾಲರನ್ನು ದಾಟಿ, ಬೆಂಕಿಕಡ್ಡಿಯಷ್ಟು ತೆಳ್ಳಗಿನ ಒಂದು ಉಂಬುಳ, ಪುಸ್ತಕದ ಭಾಷೆಯಲ್ಲಿ ಜಿಗಣೆ, ಕುತ್ತಿಗೆಯ ಮೇಲೆ ಜಾಗ ಹುಡುಕುತ್ತಿತ್ತು. ಹುಡುಕಿತು. ಸಿಕ್ಕಿತು. ತಲೆ ತಗ್ಗಿಸಿತು.

ಉಂಬುಳ ಕಚ್ಚಿದ್ದು ಕಚ್ಚಿಸಿಕೊಂಡವನಿಗೆ ಗೊತ್ತಾಗುವುದಿಲ್ಲ. ಗೊತ್ತಿದ್ದವನು ಬೋಜಪ್ಪ ಒಬ್ಬನೇ. ಬರುವುದು ಬರಲಿ ಎಂದು ಮೇಡಮ್ಮೇ ಹೇಳಿದ್ದಾರೆ, ಪ್ರತಿಕ್ರಿಯೆ ಬೇಡವೆಂದೂ ಹೇಳಿದ್ದಾರೆ. ಗುರುವಾಕ್ಯವನ್ನು ಇಷ್ಟು ಮನಸ್ಸಿಟ್ಟು ಪಾಲಿಸಿದ ಶಿಷ್ಯ ಆ ತೋಟದಲ್ಲಿ ಬೇರೆ ಇರಲಿಲ್ಲ. ಅವನ ಉಸಿರು ನಿಧಾನವಾಯಿತು. ಅಂಗಡಿ, ಮೋಟಾರು, ಕರೆಂಟು ಬಿಲ್ಲು ಎಲ್ಲವೂ ಮನಸ್ಸಿನಿಂದ ಜಾರಿದವು. ಆ್ಯಪಿಗೂ ದೋಸೆಗೂ ಒಲಿಯದ ಏಕಾಗ್ರತೆ ಜೇಪಿಯ ಕುತ್ತಿಗೆಯಲ್ಲಿ ಒಲಿಯಿತು. ತಾನು ಒಂಬತ್ತು ವರ್ಷದಿಂದ ಮಾಡಬೇಕೆಂದುಕೊಂಡದ್ದನ್ನು ಒಂದು ಹುಳು ಸದ್ದಿಲ್ಲದೆ ಮಾಡಿ ಮುಗಿಸುತ್ತಿತ್ತು. ಆಗ ಯಾರಾದರೂ ಬಿ.ಪಿ. ನೋಡಿದ್ದರೆ ಕಾಲೇಜು ಹುಡುಗನದಷ್ಟೇ ಬರುತ್ತಿತ್ತು.

ಬೆಂಕಿಕಡ್ಡಿ ಪೆನ್ಸಿಲಾಯಿತು. ಪೆನ್ಸಿಲು ಕಿರುಬೆರಳಾಯಿತು. ಆಗ ಎಲ್ಲಿಂದಲೋ ಆ ಗುಳಿಗೆ ಡಬ್ಬಿಯ ನೆನಪು ನುಗ್ಗಿತು. ರಕ್ತ ತೆಳು ಮಾಡುವ ಗುಳಿಗೆ. ಕ್ಷೌರದ ಗಾಯ, ಸಂಜೆವರೆಗೆ ನಿಲ್ಲದ ರಕ್ತ. ಆ ನೆನಪನ್ನು ಮೋಡದಂತೆ ಹೋಗಲು ಬಿಟ್ಟ. ಮೋಡ ಹೋಗಲಿಲ್ಲ. ಅದರ ಹಿಂದೆಯೇ ಕರೆಯದ ಇನ್ನೊಂದು ಬಂತು. ಕುತ್ತಿಗೆಯ ಅದೇ ಜಾಗಕ್ಕೆ ಅಂದು ಅಮ್ಮನ ಬಿದಿರಿನ ಚಟ್ಟ ಒತ್ತಿದ್ದು, ಸ್ಮಶಾನದವರೆಗೂ ಹೆಗಲು ಬದಲಿಸಲು ಅವನು ಒಪ್ಪದೇ ಹೋದದ್ದು.

ಕಿರುಬೆರಳು ಹೆಬ್ಬೆರಳಾಗುವ ಹೊತ್ತಿಗೆ ರಬ್ಬರ್ ತೋಟ ನಡುಗಿತು.

“ಜೇಪಿ, ನಿನ್ನ ಕುತ್ತಿಗೇಲಿ ಉಂಬುಳ ಉಟ್ಟು.”

‘ಉಂಟು’ವನ್ನು ‘ಉಟ್ಟು’ ಎನ್ನುವ ಮನೆಮಾತಾದ ಅರೆಭಾಷೆಯಲ್ಲಿ, ಪೂರ್ತಿ ಮೂರು ಎಚ್.ಪಿ.ಯಲ್ಲಿ. ಮರಗಳಲ್ಲಿದ್ದ ಹಕ್ಕಿಗಳೆಲ್ಲ ಪ್ರತಿಕ್ರಿಯಿಸಿದವು. ಬ್ಯಾಂಕ್ ಮ್ಯಾನೇಜರು ಎದ್ದು ನಿಂತು ತಮ್ಮದೇ ಪ್ಯಾಂಟು ಕೊಡವತೊಡಗಿದರು. ಬೋಜಪ್ಪ ಎರಡು ಸಾಲು ಹಾರಿ ಹೋಗಿ, ಸೊಂಟದ ಡಬ್ಬಿ ತೆಗೆದು, ಉಂಬುಳದ ಬಾಯಿಗೆ ಸುಣ್ಣ ಮುಟ್ಟಿಸಿದ. ಅದು ಉದುರಿತು. ರಕ್ತ ಉದುರಲಿಲ್ಲ, ಹರಿಯಿತು. ಅವನು ತನ್ನ ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ಮಡಚಿ ಗಾಯಕ್ಕೆ ಒತ್ತಿ ಹಿಡಿದ.

ಪ್ರೀತಿಕಾ ಬಂದಳು. ಮುಖದಲ್ಲಿ ಪ್ರಶಾಂತಿ ಇತ್ತು, ಸ್ವಲ್ಪ ಬಿಗಿಯಾಗಿ ಇತ್ತು. “ನೀವು ಮೌನ ಮುರಿದಿರಿ.”

“ಹೌದು ಮೇಡಂ.”

“ಸುಣ್ಣವನ್ನೂ ತಂದಿದ್ದೀರಿ.”

“ಅದೂ ಹೌದು ಮೇಡಂ.”

ಇಬ್ಬರನ್ನೂ ತೋಟದಾಚೆಯ ಸಿಮೆಂಟ್ ಬೆಂಚಿಗೆ ಕಳಿಸಲಾಯಿತು, ನಿನ್ನೆಯ ಮಾದರಿ ವಿದ್ಯಾರ್ಥಿಗಳನ್ನು ಇವತ್ತು ಕ್ಲಾಸಿನ ಹೊರಗೆ ನಿಲ್ಲಿಸಿದ ಹಾಗೆ. ಬೈರಾಸು ಕೆಂಪಾಗುತ್ತಿತ್ತು. ಬೋಜಪ್ಪನ ಕೈ ಕುತ್ತಿಗೆ ಬಿಟ್ಟಿರಲಿಲ್ಲ.

ಜೇಪಿಯೇ ಬಾಯಿ ತೆರೆದ. “ನೀನು ಅದನ್ನು ನೋಡಿ ಎಷ್ಟು ಹೊತ್ತಾಯ್ತು?”

“ಈಗಷ್ಟೆ ನೋಡಿದ್ದು.”

“ಈಗಷ್ಟೆ ಕಚ್ಚಿದ್ದು ಇಷ್ಟು ದಪ್ಪ ಆಗುದಿಲ್ಲ ಬೋಜಣ್ಣ.”

ಬೋಜಪ್ಪ ಮರ ನೋಡಿದ.

“ಇರಲಿ,” ಎಂದ ಜೇಪಿ. “ಆ ದಿನ ನನ್ನ ಹತ್ತಿರ ಕನ್ನಡಕ ಇರಲಿಲ್ಲ ಮಾರಾಯ.”

“ಒಂಬತ್ತು ವರ್ಷ ಕನ್ನಡಕ ಹುಡುಕಿದ್ದಾ?”

“ನೀನು ಕೇಳ್ತಿಯಾ ಅಂತ ಕಾದದ್ದು. ನೀನು ಬಾಳೆಗಿಡದ ಹತ್ತಿರ ಮಾತಾಡಿಕೊಂಡು ಕೂತೆ. ದೊಡ್ಡಮ್ಮ ಸತ್ತದ್ದಕ್ಕೆ ನಾನು ಚಪ್ಪಾಳೆ ಹೊಡೀತೇನಾ? ನನಗೆ ಅನ್ನ ಹಾಕಿದ ಕೈ.”

ಬೋಜಪ್ಪ ಬೈರಾಸನ್ನು ಇನ್ನಷ್ಟು ಒತ್ತಿದ.

“ಕುತ್ತಿಗೆ ಹಿಚುಕ್ತಿದ್ದಿಯಾ, ಗಾಯ ಒತ್ತಿದ್ದಾ?”

“ಎರಡೂ,” ಎಂದ ಬೋಜಪ್ಪ. “ಭವಿತಾಳ ಮದುವೆ. ಡಿಸೆಂಬರಿಗೆ. ನೀನು, ಸೀತು ಮೊದಲೇ ಬಂದು ನಿಂತು—”

“ನಿಲ್ಲು,” ಎಂದ ಜೇಪಿ, ಹಳೆಯ ಪಿ.ಟಿ. ಗತ್ತಿನಲ್ಲಿ. “ಹೇಳಿಕೆ ಅಂದ್ರೆ ಮನೆಗೆ ಬಂದು ಹೇಳುದು. ರಬ್ಬರ್ ತೋಟದಲ್ಲಿ ರಕ್ತದ ಕೈಯಲ್ಲಿ ಹೇಳಿದ್ರೆ ಅದು ಯಾವ ಕ್ರಮ?”

ಸೋತವನಿಗೆ ಎರಡನೆಯ ಸಲ ಸೋಲುವುದು ಅಷ್ಟೇನೂ ಕಷ್ಟವಲ್ಲ. ಭಾನುವಾರ ಬೋಜಪ್ಪ ಒಗೆದ ಪಂಚೆ ಉಟ್ಟು, ಪೂವಮ್ಮನನ್ನು ಮುಂದೆ ಬಿಟ್ಟುಕೊಂಡು, ಆ ಒಂದೇ ಗೇಟಿನೊಳಗೆ ಇನ್ನೊಂದು ಮನೆಯ ಮೆಟ್ಟಿಲು ಹತ್ತಿದ. ಕುತ್ತಿಗೆಗೆ ಪ್ಲಾಸ್ಟರು ಅಂಟಿಸಿದ್ದ ಜೇಪಿ, ಶಿಬಿರದಲ್ಲಿ ಕಲಿತದ್ದು ಇದಕ್ಕೇ ಎಂಬಂತೆ, ಕಣ್ಣು ಅರೆಮುಚ್ಚಿ ಗುಟುಕು ಗುಟುಕಾಗಿ ಕಾಫಿಯನ್ನು ಧ್ಯಾನಿಸುತ್ತ ಅವನನ್ನು ಕಾಯಿಸಿದ. ಬೋಜಪ್ಪ ಕಾದ. ಲೋಟ ಖಾಲಿಯಾದ ಮೇಲೆ ಹೇಳಿಕೆ ಹೇಳಿದ, ತಗ್ಗಿದ ಸ್ವರದಲ್ಲಿ, ಬೇಕರಿಯವರಿಗೆ ಕೇಳದಷ್ಟು ಮೆಲ್ಲಗೆ. ಸೀತು ಒಳಗಿಂದ, “ಎಂತ ಹೇಳಿದ್ರು? ಕೇಳ್ಲಿಲ್ಲ,” ಎಂದಳು. ಎರಡನೆಯ ಸಲ ಹೇಳಬೇಕಾಯಿತು.

ಅಂದು ಸಂಜೆ ಭವಿತಾ ಕುಟುಂಬದ ಗುಂಪಿನಲ್ಲಿ ಮದುವೆಯ ಕಾರ್ಡು ಹಾಕಿದಳು. ಮೊದಲ ಉತ್ತರ ಜೇಪಿಯದು. ಚಪ್ಪಾಳೆ, ಮೂರು.

ಬೋಜಪ್ಪ ಫೋನನ್ನೇ ನೋಡಿದ. ಪ್ರೀತಿಕಾ ಹೇಳಿಕೊಟ್ಟ ಹಾಗೆ ಉಸಿರು ಒಳಗೆ ಹೋದದ್ದನ್ನು ಗಮನಿಸಿದ, ಹೊರಗೆ ಬಂದದ್ದನ್ನೂ ಗಮನಿಸಿದ.

“ಎಂತಂತೆ?” ಎಂದು ಕೇಳಿದಳು ಪೂವಮ್ಮ, ಸ್ವಲ್ಪ ಹೆದರಿಕೆಯಲ್ಲೇ.

“ಇವತ್ತು ಕನ್ನಡಕ ಹಾಕಿದ್ದಾನೆ,” ಎಂದ ಬೋಜಪ್ಪ.