ಆಪರೇಟಿಂಗ್ ಸಿಸ್ಟಂ, ಐದನೇ ಆವೃತ್ತಿ

ನಾನು ನಿಧಾನವಾಗಿ ಟೈಪ್ ಮಾಡುವವನು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇಲ್ಲದಿದ್ದರೆ ನನ್ನನ್ನು ಬಲ್ಲವರು ಯಾರಾದರೂ ಹೇಳಿಯೇ ಹೇಳುತ್ತಾರೆ. ಎರಡು ತೋರುಬೆರಳು ಕೆಲಸ ಮಾಡುತ್ತವೆ. ಉಳಿದ ಎಂಟೂ ಮದುವೆಗೆ ಬಂದ ದೂರದ ನೆಂಟರ ಹಾಗೆ ಸುಮ್ಮನೆ ನೋಡುತ್ತಿರುತ್ತವೆ. ಕುಣಿಗಲ್ಲಿನ ಹಿಟ್ಟಿನ ಗಿರಣಿಯಲ್ಲಿ ರಾಗಿ ಸುರಿಯುತ್ತಿದ್ದವನು ನಾನು. ಹತ್ತೊಂಬತ್ತಕ್ಕೆ ಮಗ್ಗಿ ಕಲಿತೆ, ಇಪ್ಪತ್ತಾರಕ್ಕೆ ಎಸ್ಸೆಸ್ಸೆಲ್ಸಿ ಪಾಸು ಮಾಡಿದೆ. ಪರೀಕ್ಷೆಯ ಕೋಣೆಗೆ ನಾನು ಕಾಲಿಟ್ಟಾಗ ಇಡೀ ಬೆಂಚು ನನ್ನನ್ನು ಮೇಷ್ಟ್ರೆಂದು ತಿಳಿದು ಎದ್ದು ನಿಂತಿತ್ತು. ಆ ಗೌರವ ಮತ್ತೆ ಎಲ್ಲೂ ಸಿಕ್ಕಿಲ್ಲ.

ಈಗ ರಾಜಾಜಿನಗರದಲ್ಲಿ, ನೀರೆತ್ತುವ ಪಂಪು ಮಾಡುವ ಒಂದು ಕಾರ್ಖಾನೆಯಲ್ಲಿ ಟೈಪಿಸ್ಟ್. ಸುತ್ತ ಇನ್ನೂ ಖಾಲಿ ಸೈಟುಗಳು, ಅವುಗಳ ನಡುವೆ ನಮ್ಮ ತಗಡಿನ ಶೆಡ್ಡು. ನಮ್ಮ ಮ್ಯಾನೇಜರು ಆರು ತಿಂಗಳು ವಿಲಾಯತಿಯಲ್ಲಿ ತರಬೇತಿ ಪಡೆದು ಬಂದವರು. ಬೇರೆಯವರು ಅಲ್ಲಿಂದ ಗಡಿಯಾರ ತರುತ್ತಾರೆ, ಉಣ್ಣೆಯ ಕೋಟು ತರುತ್ತಾರೆ. ಇವರು ಒಂದು ಸಿಸ್ಟಂ ತಂದರು. ಕಾರ್ಖಾನೆಯಲ್ಲಿ ಯಾವ ಕೆಲಸ ಯಾರು, ಹೇಗೆ, ಯಾವ ಬಣ್ಣದ ಚೀಟಿಯ ಮೇಲೆ ಮಾಡಬೇಕು ಎಂಬುದೆಲ್ಲ ಮೂವತ್ತೆರಡು ಪುಟಗಳಲ್ಲಿ. ಅದರ ಹೆಸರು ‘ಆಪರೇಟಿಂಗ್ ಸಿಸ್ಟಂ’. ಅದನ್ನು ಸ್ಟೆನ್ಸಿಲ್ ಕಾಗದದ ಮೇಲೆ ಟೈಪ್ ಮಾಡಿ, ಸೈಕ್ಲೋಸ್ಟೈಲ್ ಯಂತ್ರ ತಿರುಗಿಸಿ, ಎಲ್ಲರಿಗೂ ಹಂಚುವ ಭಾಗ್ಯ ನನ್ನದು.

ಮೊದಲನೇ ಆವೃತ್ತಿ ಬಂದಾಗ ನಾನೂ ಹಿಗ್ಗಿದೆ. ತಡವಾಗಿ ಓದು ಕಲಿತವನಿಗೆ ಅಚ್ಚಾದದ್ದರ ಮೇಲೆ ಒಂದು ಮೂಢಭಕ್ತಿ ಇರುತ್ತದೆ. ಮೂರು ತಿಂಗಳಿಗೆ ಎರಡನೇ ಆವೃತ್ತಿ ಬಂತು. ನ್ಯಾಯವಾಗಿ ಹೇಳಬೇಕೆಂದರೆ ಅದರಲ್ಲಿ ಒಂದು ಒಳ್ಳೆಯ ಮಾತಿತ್ತು: ಓಡುವ ಬೆಲ್ಟಿಗೆ ತಂತಿಬಲೆಯ ಮರೆ ಕಟ್ಟಬೇಕು ಅಂತ. ಒಬ್ಬರ ಬೆರಳು ಹೋಗಿತ್ತು, ಆದ್ದರಿಂದ ಬರೆದರು. ಅಂಥ ಆವೃತ್ತಿ ಮಾರನೆಯ ದಿನವೇ ಬಂದರೂ ಕೈಮುಗಿಯುತ್ತೇನೆ. ಮತ್ತೆ ಮೂರು ತಿಂಗಳಿಗೆ ಮೂರನೆಯದು. ಅದರಲ್ಲಿ ಹಳದಿ ಚೀಟಿ ನೀಲಿಯಾಯಿತು, ಫೋರ್‌ಮನ್ ಎಂಬ ಪದವಿ ಸೆಕ್ಷನ್ ಸೂಪರ್‌ವೈಸರ್ ಆಯಿತು. ಮನುಷ್ಯ ಅವನೇ, ಅದೇ ಎಣ್ಣೆ ಮೆತ್ತಿದ ಅಂಗಿ. ನಾಲ್ಕನೆಯದರಲ್ಲಿ ನೀಲಿ ಚೀಟಿ ಮತ್ತೆ ಹಳದಿಯಾಗಿ, ಸೂಪರ್‌ವೈಸರ್ ಮತ್ತೆ ಫೋರ್‌ಮನ್ ಆದ. ಇದನ್ನು ಮುನ್ನುಡಿಯಲ್ಲಿ ‘ಮಹತ್ತರ ಸುಧಾರಣೆ’ ಎಂದು ಕರೆದಿದ್ದರು. ಆ ಎರಡು ಪದಗಳನ್ನೂ ನಾನೇ ಟೈಪ್ ಮಾಡಿದ್ದು.

ಲೋಕದಲ್ಲಿ ಹೊಸ ಆವೃತ್ತಿ ಬೇಕಾದ ವಸ್ತುಗಳಿಲ್ಲವೇ? ಇವೆ. ಪಂಚಾಂಗ ವರ್ಷಕ್ಕೊಂದು ಬರುತ್ತದೆ, ಆದರೆ ಅದಕ್ಕೆ ಸೂರ್ಯನೇ ಒಂದು ಸುತ್ತು ಮುಗಿಸಿ ಅನುಮತಿ ಕೊಡಬೇಕು. ಚಪ್ಪಲಿ ಉಂಗುಷ್ಟ ಕಿತ್ತಾಗ ಹೊಸದಾಗುತ್ತದೆ. ನಾನು ಅಷ್ಟು ಕಷ್ಟಪಟ್ಟು ಕಲಿತ ಮಗ್ಗಿಗೆ ಮಾತ್ರ ಇಲ್ಲಿಯವರೆಗೆ ಪರಿಷ್ಕೃತ ಆವೃತ್ತಿ ಬಂದಿಲ್ಲ. ಬಂದರೆ ನಾನು ಕುಣಿಗಲ್ಲಿಗೆ ವಾಪಸು ಹೋಗುತ್ತೇನೆ. ನಮ್ಮ ಸಿಸ್ಟಂ ಮಾತ್ರ ಸೂರ್ಯನನ್ನೂ ಕೇಳುತ್ತಿರಲಿಲ್ಲ, ಸವೆತವನ್ನೂ ನೋಡುತ್ತಿರಲಿಲ್ಲ. ಅದರ ಗುಟ್ಟು ನನಗೆ ತಿಳಿದದ್ದು ತಡವಾಗಿ. ಮದರಾಸಿನಲ್ಲಿರುವ ಯಜಮಾನರು ಮೂರು ತಿಂಗಳಿಗೊಮ್ಮೆ ಬರುತ್ತಾರೆ. ಅವರ ಮುಂದೆ ಇಡಲು ಮ್ಯಾನೇಜರಿಗೆ ಏನಾದರೊಂದು ಹೊಸದು ಬೇಕು. ಅಷ್ಟೇ. ಹೆಣ್ಣು ನೋಡಲು ಬಂದವರಿಗೆ ಮನೆಯ ಗೋಡೆಗೆ ಸುಣ್ಣ ಹೊಡೆಸುವ ಹಾಗೆ.

ಸುಣ್ಣ ಬಿದ್ದದ್ದು ಗಂಗಣ್ಣನವರ ಮೇಲೆ.

ಗಂಗಣ್ಣ ಮೂಡಲಪಾಳ್ಯದವರು, ನಲವತ್ತರ ಆಸುಪಾಸು, ಒಳ್ಳೆಯ ಫಿಟ್ಟರ್. ಬೆಳಿಗ್ಗೆ ರಾಗಿ ಹೊಲಗಳ ಬದುವಿನ ಮೇಲೆ ನಡೆದು ಬರುತ್ತಾರೆ. ಅವರು ಟೆಂಪರರಿ. ಕಾಯಂ ಆದವರಿಗೆ ಹಿತ್ತಾಳೆ ಬಿಲ್ಲೆ ಉಂಟು, ತೋರಿಸಿ ಒಳಗೆ ಹೋಗಬಹುದು. ಟೆಂಪರರಿಯವರು ಗೇಟಿನ ಹೊರಗೆ ನಿಂತು, ಹೆಸರು ಕೂಗುವವರೆಗೆ ಕಾಯಬೇಕು; ಕೂಗದಿದ್ದರೆ ಬಂದ ಬದುವಿನ ಮೇಲೆ ವಾಪಸು. ಮೂರು ವರ್ಷದಿಂದ ಗಂಗಣ್ಣ ಹಾಗೆ ನಿಂತಿದ್ದರು. ಕಾಯಂ ಆಗಲು ಅರ್ಜಿ ಹಾಕಬೇಕು, ಅದಕ್ಕೆ ಯಜಮಾನರ ಸಹಿ ಬೀಳಬೇಕು. ಆದರೆ ಸಿಸ್ಟಮಿನ ಮೊದಲ ಪುಟದಲ್ಲೇ ಒಂದು ಸಾಲು: ಹೊಸ ಆವೃತ್ತಿ ನೋಟೀಸ್ ಬೋರ್ಡಿಗೆ ಬಿದ್ದ ಗಳಿಗೆಯಿಂದ ಹಳೆಯ ಆವೃತ್ತಿಯ ಅರ್ಜಿಗಳೆಲ್ಲ ರದ್ದು. ಹೊಸ ಆವೃತ್ತಿ ಬೀಳುತ್ತಿದ್ದದ್ದು ಪ್ರತಿ ಸಲವೂ ಯಜಮಾನರು ಬರುವ ಹಿಂದಿನ ದಿನ.

ಮೊದಲನೇ ಆವೃತ್ತಿಯ ಬಿಳಿ ಕಾಗದದ ಅರ್ಜಿ ಹಾಗೆ ಸತ್ತಿತು. ಆಮೇಲೆ ಹಳದಿ ಚೀಟಿಯದು, ನೀಲಿ ಚೀಟಿಯದು.

“ಏನ್ ಸ್ವಾಮಿ, ಈ ಕಿತ ಏನ್ ತೆಪ್ಪಾಯ್ತು?” ಎಂದು ಮೂರನೆಯ ಸಲ ಕೇಳಿದರು ಗಂಗಣ್ಣ.

“ತಪ್ಪೇನಿಲ್ಲ ಗಂಗಣ್ಣ. ಚೀಟಿ ಬಣ್ಣ ಬದಲಾಯ್ತು.”

“ಅದ್ಯಾಕ್ ಸ್ವಾಮಿ ಬದ್ಲಾಯ್ತು?”

ಮೂವತ್ತೆರಡು ಪುಟ ನಾಲ್ಕು ಸಲ ಟೈಪ್ ಮಾಡಿದವನು ನಾನು. ಕಾರಣ ಮಾತ್ರ ಒಂದು ಪುಟದಲ್ಲೂ ಬರೆದಿರಲಿಲ್ಲ.

“ನಮ್ಮನೇಲಿ ಎತ್ತು ಕೂಡಾ ಇಷ್ಟ್ ಬೇಗ ಬದ್ಲಾಯ್ಸಕಿಲ್ಲ ಕಣ್ ಸ್ವಾಮಿ,” ಎಂದು ಅವರು ನಾಲ್ಕನೇ ಅರ್ಜಿಗೆ ಹೆಬ್ಬೆಟ್ಟು ಒತ್ತಿ ಹೊರಟರು.

ಮೂರು ತಿಂಗಳ ಹಿಂದೆ ಒಂದು ಸೋಮವಾರ ಐದನೇ ಆವೃತ್ತಿಯ ಕೈಬರಹ ನನ್ನ ಮೇಜಿಗೆ ಬಂತು. ಶನಿವಾರ ಯಜಮಾನರು ಬರುವುದು. “ಶುಕ್ರವಾರ ಸಂಜೆ ಬೋರ್ಡ್ ಮೇಲಿರ್ಬೇಕು,” ಎಂದರು ಮ್ಯಾನೇಜರು. ತೆರೆದು ನೋಡಿದೆ. ಹಳದಿ ಚೀಟಿ ಈಗ ಹಸಿರು.

ಇಲ್ಲಿ ಎರಡನೇ ತಪ್ಪೊಪ್ಪಿಗೆ. ನನ್ನ ವೇಗಕ್ಕೆ ಆ ಕೆಲಸ ನಾಲ್ಕು ದಿನದ್ದು. ನಾನು ನನಗಿಂತಲೂ ನಿಧಾನವಾಗಿ ಟೈಪ್ ಮಾಡಿದೆ. ಅದು ಎಷ್ಟು ಕಷ್ಟ ಎಂಬುದು ವೇಗವಾಗಿ ಮಾಡುವವರಿಗೆ ತಿಳಿಯದು. ಒಂದು ಅಕ್ಷರ ಹೊಡೆದು, ಕನ್ನಡಕ ಒರೆಸಿ, ಕೈಬರಹ ನೋಡಿ, ಇನ್ನೊಂದು. ತಪ್ಪಾದರೆ ಹಚ್ಚುವ ಕೆಂಪು ದ್ರಾವಣವಿದೆ, ಆರಲು ಹೊತ್ತು ಹಿಡಿಯುತ್ತದೆ. ನಾನು ಅದನ್ನು ಗೊಜ್ಜಿನ ಹಾಗೆ ಧಾರಾಳವಾಗಿ ಬಡಿಸಿದೆ. ಗುರುವಾರ ಏಳನೇ ಪುಟ ಹರಿಯಿತು. ಶುಕ್ರವಾರ ಹರಿದದ್ದು ಹನ್ನೊಂದನೆಯದು.

“ಏನ್ರೀ ಇದು? ಇನ್ನೂ ಹನ್ನೊಂದಾ?” ಮ್ಯಾನೇಜರು ಮೇಜಿನ ಮುಂದೆ ನಿಂತಿದ್ದರು.

“ಆಗ್ತಾ ಇದೆ ಸಾರ್.”

“ನಿಮ್ಮನ್ನ ಯಾವ ಪುಣ್ಯಾತ್ಮ ಟೈಪಿಸ್ಟ್ ಅಂತ ತಗೊಂಡ?”

“ತಾವೇ ಸಾರ್.”

“ಬೇರೆಯವರನ್ನ ನೋಡ್ತೀನಿ, ತಿಳ್ಕೊಳ್ಳಿ!” ಎಂದು ಹೋದರು. ಹಿಟ್ಟಿನ ಗಿರಣಿಯ ಸದ್ದು ಕಿವಿಯಲ್ಲಿ ಕೇಳಿದಂತಾಯಿತು. ಆದರೂ ಕನ್ನಡಕ ಒರೆಸಿದೆ.

ಶನಿವಾರ ಯಜಮಾನರು ಬಂದರು. ಕಾಫಿ ಕುಡಿದು, ಪಂಪುಗಳನ್ನು ನೋಡಿ, ಮುಂದಿಟ್ಟ ಅರ್ಜಿಗಳಿಗೆ ಸಹಿ ಹಾಕಿದರು. ಹಳದಿ ಚೀಟಿ, ಹೆಬ್ಬೆಟ್ಟಿನ ಗುರುತು, ಅದಕ್ಕೂ ಬಿತ್ತು. ಮ್ಯಾನೇಜರು ಹಣೆ ಒರೆಸಿಕೊಳ್ಳುತ್ತ, ಹೊಸ ಆವೃತ್ತಿ ಈ ಸಲ ಸ್ವಲ್ಪ ತಡವಾಯಿತು ಎಂದರು.

“ಹೊಸ್ದಿಲ್ವಾ? ಒಳ್ಳೇದಾಯ್ತು ಬಿಡಿ,” ಎಂದರು ಯಜಮಾನರು. “ಹಿಂದಿಂದೇ ನಾನಿನ್ನೂ ಓದಿಲ್ಲ.”

ಬೇರೆ ಟೈಪಿಸ್ಟನನ್ನು ತರುವ ಮಾತು ಅಲ್ಲಿಗೇ ತಣ್ಣಗಾಯಿತು. ಸೋಮವಾರ ಗೇಟಿನ ಬಳಿ ಗಂಗಣ್ಣ ನಿಲ್ಲಲಿಲ್ಲ. ಅಭ್ಯಾಸಬಲದಿಂದ ಒಂದು ಕ್ಷಣ ಕಾಲು ನಿಂತಿತು, ಆಮೇಲೆ ಬಿಲ್ಲೆ ತೋರಿಸಿ ಒಳಗೆ ಬಂದರು. ಸೀದಾ ನನ್ನ ಕಿಟಕಿಗೆ.

“ನಿಮ್ ಕೈ ಒಸಿ ಬಿರುಸಾಗಿದ್ದಿದ್ರೆ ನಾನಿನ್ನೂ ಆಚೆಗೇ ನಿಂತಿರ್ತಿದ್ದೆ, ಅಲ್ವಾ ಸ್ವಾಮಿ?”

“ನನ್ನ ಕೈ ಯಾವತ್ತೂ ಹೀಗೇ ಗಂಗಣ್ಣ,” ಎಂದೆ. ಅವರು ನಕ್ಕರು. ಅಷ್ಟು ಒಳ್ಳೆಯ ಫಿಟ್ಟರಿಗೆ ಯಾವುದು ತಾನಾಗಿ ಸಡಿಲವಾದದ್ದು, ಯಾವುದು ಸಡಿಲ ಮಾಡಿದ್ದು ಎಂದು ತಿಳಿಯದೇ?

ಹಾಗಾದರೆ ಎಷ್ಟು ದಿನಕ್ಕೊಂದು ಆವೃತ್ತಿ ಬರಬೇಕು ಎಂದು ನೀವು ಕೇಳಬಹುದು. ಬೆರಳು ಹೋಗುವಂತಿದ್ದರೆ ಇವತ್ತೇ. ಉಳಿದದ್ದಕ್ಕೆಲ್ಲ, ಹೊರಗೆ ನಿಂತವರು ಒಳಗೆ ಬರುವಷ್ಟು ಹೊತ್ತಾದರೂ ಹಳೆಯದು ಬದುಕಿರಲಿ.

ಆರನೆಯದರ ಕೈಬರಹ ನಿನ್ನೆ ಬಂದಿದೆ. ಗೇಟಿನ ಹೊರಗೆ ಈಗ ಇನ್ನಿಬ್ಬರು ನಿಂತಿದ್ದಾರೆ. ನಾನು ಮೊದಲನೇ ಪುಟದ ಮೊದಲನೇ ಸಾಲಿನಲ್ಲಿದ್ದೇನೆ.